ಮೊದಲು ಚಿತ್ರ, ಆಮೇಲೆ ಕೈ

ಕಳೆದ ತಿಂಗಳು ಧಾರವಾಡದ ಮಾರುಕಟ್ಟೆಯಲ್ಲಿ ಒಂದು ಸ್ಟೇಷನರಿ ಅಂಗಡಿಯ ಮುಂದೆ ಪೆನ್ನಿನ ರಿಫಿಲ್ ಕೇಳುತ್ತ ನಿಂತಿದ್ದೆ. ಅಂಗಡಿಯವ ಪಕ್ಕದ ಗಿರಾಕಿಗಾಗಿ ರಬ್ಬರಿನ ಹೊಸ ಡಬ್ಬಿಯೊಂದರ ಮುಚ್ಚಳ ತೆಗೆದ. ಶಾಲೆಯ ಮಕ್ಕಳು ಅಳಿಸಲು ಬಳಸುವ ಅದೇ ಬಿಳಿ ರಬ್ಬರು. ಅದರ ವಾಸನೆ ನಿಮಗೂ ಗೊತ್ತು, ಅರ್ಧ ಸಿಹಿ, ಅರ್ಧ ಔಷಧಿಯಂಥದ್ದು. ಬಹಳ ಮಂದಿಗೆ ಆ ವಾಸನೆ ಬಂದರೆ ಜೂನ್ ತಿಂಗಳ ಹೊಸ ಪಾಟಿಚೀಲ ನೆನಪಾಗಿ ಮುಖ ಅರಳುತ್ತದೆ. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ರಿಫಿಲ್ ಅಲ್ಲೇ ಬಿಟ್ಟು ನಾಲ್ಕು ಹೆಜ್ಜೆ ಆಚೆ ಹೋಗಿ ನಿಂತೆ. "ಯಾಕ್ರಿ ಸರ್, ಆರಾಮಿಲ್ಲೇನು?" ಎಂದು ಅಂಗಡಿಯವ ಕೂಗಿ ಕೇಳಿದ. "ಏನಿಲ್ಲಪಾ, ಬಿಸಲು" ಎಂದೆ. ಆವತ್ತು ಬೆಳಗಿನಿಂದ ಮೋಡ ಮುಚ್ಚಿಕೊಂಡಿತ್ತು. ಐವತ್ತೈದು ದಾಟಿದ ಗಂಡಸು ಒಂದು ರಬ್ಬರಿಗೆ ಹೆದರಿದ ಎಂದು ನಿಮಗೆ ನಗು ಬಂದರೆ ನಕ್ಕುಬಿಡಿ. ಆದರೆ ಪೂರಾ ಕೇಳಿ ನಗಿ.

ನಾನು ಹುಟ್ಟಾ ಮಾಸ್ತರನಲ್ಲ. ತೊಂಬತ್ತರ ದಶಕದ ಬಹುಪಾಲು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಒಂದು ಫೋಟೊ ಸ್ಟುಡಿಯೊ ನಡೆಸುತ್ತಿದ್ದೆ. ಫೋಟೊ ತೆಗೆಯುವುದಕ್ಕಿಂತ, ತೆಗೆದ ಫೋಟೊ ತಿದ್ದುವುದರಲ್ಲಿ ನನಗೆ ಹೆಸರಿತ್ತು. ಕನ್ಯೆಯ ಫೋಟೊ ಹಿಡಿದು ತಾಯಂದಿರು ಬರುತ್ತಿದ್ದರು. "ಸ್ವಲ್ಪ ಬೆಳ್ಳಗ ಮಾಡ್ರಿ, ಆ ಗಲ್ಲದ ಮ್ಯಾಲಿನ ಮಚ್ಚಿ ತಗದುಬಿಡ್ರಿ" ಎನ್ನುತ್ತಿದ್ದರು. ನಾನು ಸಣ್ಣ ಕುಂಚ ಹಿಡಿದು ತೆಗೆದುಬಿಡುತ್ತಿದ್ದೆ. ನಿಜವಾದ ಗಲ್ಲದ ಮೇಲೆ ಮಚ್ಚೆ ಹಾಗೇ ಇರುತ್ತಿತ್ತು, ನೋಡಲು ಬಂದ ಗಂಡಿನ ಕಡೆಯವರು ಏನೆಂದುಕೊಂಡರೋ ನಾನು ವಿಚಾರಿಸಲು ಹೋಗಲಿಲ್ಲ. ತೀರಿಕೊಂಡ ಅಜ್ಜಂದಿರ ಬೂಸು ಹಿಡಿದ ಫೋಟೊಗಳೂ ಬರುತ್ತಿದ್ದವು. ಬೂಸು ತೆಗೆದು, ಹಿಂದೆ ಬಿಳಿ ಪರದೆ ಮೂಡಿಸಿ, ತಲೆಯ ಪಟಕಾದ ಮಡಿಕೆ ಸರಿಮಾಡಿ ಕೊಟ್ಟರೆ ಮಂದಿ ಬೆರಗಾಗುತ್ತಿದ್ದರು. "ಇವರ ಕೈಯಾಗ ಕೊಟ್ರ ಮುದುಕನೂ ಮದುಮಗ ಆಗ್ತಾನ" ಎಂದು ಓಣಿಯಲ್ಲಿ ಮಾತಿತ್ತು. ಆ ಮಾತು ನನ್ನ ತಲೆಗೇರಿತ್ತು. ಬೆಳ್ಳಗಿದ್ದದ್ದೇ ಚಂದ ಎಂಬ ನಂಬಿಕೆ ನನ್ನಲ್ಲಿ ಗಟ್ಟಿಯಾದದ್ದು ಆ ಕಾಲದಲ್ಲಿ.

ಆಮೇಲೆ ಊರಿಗೆ ಕಲರ್ ಲ್ಯಾಬುಗಳು ಬಂದವು, ನನ್ನ ಕತ್ತಲೆ ಕೋಣೆಗೆ ಕೆಲಸ ಇಲ್ಲದಂತಾಯಿತು. ನಲವತ್ತು ದಾಟಿದವನು ಹದಿನೆಂಟರ ಹುಡುಗರ ನಡುವೆ ಕೂತು ಕಂಪ್ಯೂಟರ್ ಕಲಿತೆ. ಮೌಸನ್ನು ಮೇಜಿನ ಅಂಚಿನವರೆಗೆ ಒಯ್ದು, ಮುಂದೆ ಜಾಗವಿಲ್ಲವೆಂದು ಗಾಬರಿಯಾಗಿ ಮಾಸ್ತರರನ್ನು ಕರೆಯುತ್ತಿದ್ದೆ. ಅದನ್ನು ಎತ್ತಿ ಮತ್ತೆ ಈಚೆಗೆ ಇಡಬಹುದೆಂದು ತಿಳಿಯಲು ನನಗೆ ಮೂರು ದಿನ ಬೇಕಾಯಿತು. ಆದರೆ ಸ್ಕ್ಯಾನರಿನ ಮುಂದೆ ಕೂತಾಗ ನಾನು ಮತ್ತೆ ರಾಜ. ಕುಂಚದಲ್ಲಿ ಒಂದು ದಿನ ಹಿಡಿಯುತ್ತಿದ್ದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು.

ಅದೇ ಹೊತ್ತಿಗೆ ಧಾರವಾಡದ ಒಂದು ಕಾಲೇಜಿನಲ್ಲಿ ಹಳೆಯ ಪುಸ್ತಕ, ಕಾಗದಪತ್ರಗಳನ್ನು ಕಾಪಾಡುವ ವಿದ್ಯೆ ಕಲಿಸಲು ಒಂದು ವರ್ಷದ ಡಿಪ್ಲೊಮಾ ಶುರುವಾಯಿತು. ಗ್ರಂಥಾಲಯಗಳಲ್ಲಿ, ದಾಖಲೆಗಳ ಕೋಣೆಗಳಲ್ಲಿ ಕೆಲಸ ಮಾಡುವವರಿಗಾಗಿ. ಅದರ ಮುಖ್ಯಸ್ಥರು ತಮ್ಮ ತಂದೆಯ ಫೋಟೊ ನನ್ನ ಹತ್ತಿರ ತಿದ್ದಿಸಿಕೊಂಡಿದ್ದರು. "ಡಿಜಿಟಲ್ ಇಮೇಜಿಂಗ್ ಅಂತ ಒಂದು ವಿಷಯ ಐತ್ರಿ, ಕಲಸಾವ್ರು ಸಿಗವಲ್ರು. ನೀವು ಬರ್ರಿ" ಎಂದರು. ಅತಿಥಿ ಉಪನ್ಯಾಸಕ ಎಂಬ ಹೆಸರು ಸಿಕ್ಕಿತು. ಮರುದಿನವೇ ಹೋಗಿ ಎರಡು ಉದ್ದ ತೋಳಿನ ಅಂಗಿ ಹೊಲಿಸಲು ಹಾಕಿದೆ.

ಹನ್ನೊಂದು ವಿದ್ಯಾರ್ಥಿಗಳು, ಒಂದು ಕಂಪ್ಯೂಟರ್, ಒಂದು ಸ್ಕ್ಯಾನರ್. ಆ ಕೋಣೆಗೆ ಚಪ್ಪಲಿ ಬಿಟ್ಟು ಬರಬೇಕಿತ್ತು. ಧೂಳು ಬರಬಾರದೆಂದು ಹಾಗೆ ಮಾಡಿದ್ದರೂ ಮಂದಿ ಅದನ್ನು ಭಕ್ತಿಯಿಂದಲೇ ಪಾಲಿಸುತ್ತಿದ್ದರು. ಒಬ್ಬ ಹುಡುಗ ಪ್ರತಿದಿನ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಒಳಗೆ ಬರುತ್ತಿದ್ದ. ಕರೆಂಟು ಹೋದರೆ ಎಲ್ಲರೂ ಸುಮ್ಮನೆ ಕೂತು ಯಂತ್ರದ ಮುಖ ನೋಡುವುದು, ಬಂದರೆ ಮತ್ತೆ ಮೊದಲಿನಿಂದ. ಹಳೆಯ ಪುಸ್ತಕವನ್ನು ಮುರಿದಂತೆ ತೆರೆಯಬಾರದು, ಕೆಳಗೆ ಅರಳೆ ತುಂಬಿದ ಸಣ್ಣ ದಿಂಬು ಕೊಡಬೇಕು, ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಬಾರದು ಎಂದು ನಾನು ಹೇಳುತ್ತಿದ್ದೆ. ಹೇಳಿದ ಮರುಕ್ಷಣ ನಾನೇ ಹಾಜರಿ ಪುಸ್ತಕವನ್ನು ಉಗುಳು ಹಚ್ಚಿ ತಿರುವುತ್ತಿದ್ದೆ. ಹಿಂದಿನ ಬೆಂಚಿನಿಂದ ಸಣ್ಣಗೆ ಒಂದು ನಗು ಬರುತ್ತಿತ್ತು.

ಆ ನಗು ಮಹಾದೇವಿಯದು. ಅವಳ ಬಗ್ಗೆ ಹೇಳುವ ಮೊದಲು ಒಂದು ನಿಯಮದ ಬಗ್ಗೆ ಹೇಳಬೇಕು. ನನ್ನನ್ನು ಹದಿನೈದು ದಿನದ ತರಬೇತಿಗೆ ಕಳಿಸಿದ್ದರು. ಅಲ್ಲಿ ಒಬ್ಬ ಹಿರಿಯರು, ಜೀವಮಾನವೆಲ್ಲ ಹುಳು ತಿಂದ ಕಾಗದ ಮುಟ್ಟಿದವರು, ಒಂದೇ ಮಾತನ್ನು ದಿನಾಲೂ ಹೇಳುತ್ತಿದ್ದರು. ಯಾವ ಹಾಳೆಯೇ ಬರಲಿ, ಅದು ಬಂದ ಸ್ಥಿತಿಯಲ್ಲೇ, ಅದರ ಕೊಳೆ ಕಲೆ ಹರಕು ಎಲ್ಲದರ ಸಮೇತ ಮೊದಲು ಒಂದು ಚಿತ್ರ ತೆಗೆದಿಡಿ. ಆಮೇಲೆ ಒರೆಸುವುದು, ಅಂಟಿಸುವುದು ಏನಿದ್ದರೂ ಮಾಡಿ. ನಾಳೆ ನೀವು ಮಾಡಿದ್ದು ತಪ್ಪಾಯಿತು ಎಂದು ಗೊತ್ತಾದರೆ ಹಿಂದಿರುಗಿ ನೋಡಲು ಅದೊಂದೇ ಇರುತ್ತದೆ. ನಾನು ಆ ಮಾತನ್ನು ಧಾರವಾಡಕ್ಕೆ ತಂದು ಕಪ್ಪು ಹಲಗೆಯ ಮೇಲೆ ದಪ್ಪಗೆ ಬರೆದೆ: ಮೊದಲು ಚಿತ್ರ, ಆಮೇಲೆ ಕೈ. ಇದು ನನ್ನದೇ ಅನುಭವದ ಸಾರ ಎಂಬಂತೆ ಮುಖ ಮಾಡಿಕೊಂಡು ಹನ್ನೊಂದು ಮಂದಿಯಿಂದಲೂ ನೂರು ಸಲ ಬರೆಸಿದೆ. ಮಹಾದೇವಿ ಬರೆದ ಆ ನೂರು ಸಾಲು ಅಚ್ಚು ಹಾಕಿದಂತಿದ್ದವು.

ಅವಳು ಬೆಂಗೇರಿಯ ಒಬ್ಬ ಬೈಂಡರರ ಮಗಳು. ಮನೆಯ ತುಂಬ ರಟ್ಟು, ಅಂಟಿಸುವ ಸರಸು, ಸೂಜಿ, ದಾರ. ನಾವಿಬ್ಬರೂ ಬೆಳಿಗ್ಗೆ ಒಂದೇ ಬಸ್ಸಿಗೆ ಧಾರವಾಡಕ್ಕೆ ಬರುತ್ತಿದ್ದೆವು. ಕಾಗದವನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಮೀಟಿ, "ಇದು ಅರಿವಿ ಚಿಂದಿಲೆ ಮಾಡಿದ ಕಾಗದರಿ, ಗಟ್ಟಿ ಐತಿ. ಇದು ಕಟಗಿದು, ಇನ್ನ ಹತ್ತ ವರ್ಷಕ್ಕ ಹಪ್ಪಳ" ಎನ್ನುತ್ತಿದ್ದಳು. ನಾನು ಪುಸ್ತಕ ನೋಡಿ ಹೇಳಬೇಕಾದದ್ದನ್ನು ಅವಳು ಸದ್ದು ಕೇಳಿ ಹೇಳುತ್ತಿದ್ದಳು. ಇದು ನನಗೆ ಸೇರುತ್ತಿರಲಿಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಜೊತೆಗೆ ಅವಳಿಗೆ ಇನ್ನೊಂದು ಚಟವಿತ್ತು. ಸ್ಕ್ಯಾನ್ ಮಾಡಲು ಕೊಟ್ಟ ಪ್ರತಿಯೊಂದು ಹಾಳೆಯನ್ನೂ ಅವಳು ಓದುತ್ತಿದ್ದಳು. "ಓದಬ್ಯಾಡ, ಗಾಜಿನ ಮ್ಯಾಲ ಇಡು" ಎಂದು ನಾನು ಬೈಯುತ್ತಿದ್ದೆ. ಓದಿಯೇ ಇಡುತ್ತಿದ್ದಳು.

ಅದೇ ವರ್ಷ ಧಾರವಾಡದ್ದೇ ಮಾಳಮಡ್ಡಿಯಿಂದ ನೀಲಮ್ಮಕ್ಕಾರು ಬಂದರು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದವರು, ಊರಿಗೆಲ್ಲ ಅಕ್ಕಾರು. ದಿಂಬಿನ ಚೀಲವೊಂದರಲ್ಲಿ ಸುತ್ತಿದ್ದ ಕೈಬರಹದ ಪುಸ್ತಕ ತಂದಿದ್ದರು. ನವಲಗುಂದದ ಕಡೆಯ ಹಳ್ಳಿಯಲ್ಲಿ ಅವರ ತಂದೆ ದನಗಳಿಗೆ ಔಷಧಿ ಕೊಡುತ್ತಿದ್ದರಂತೆ. ಎತ್ತಿನ ಕೊರಳು ಬಾವು, ಎಮ್ಮೆಯ ಕೆಚ್ಚಲು ಬೇನೆ, ಹೊಟ್ಟೆಯುಬ್ಬರ, ಎಲ್ಲದಕ್ಕೂ ಬೇರು ಸೊಪ್ಪುಗಳ ಲೆಕ್ಕ ಅದರಲ್ಲಿತ್ತು. ಎಪ್ಪತ್ತೆರಡು ಪುಟ. ಕಪ್ಪು ಶಾಯಿ, ಮುತ್ತಿನಂಥ ಅಕ್ಷರ. ಹಾಳೆಗಳು ಮಾತ್ರ ಒಲೆಯ ಹೊಗೆ, ಎಣ್ಣೆಗೈ, ಸಗಣಿ ಕೈ ಎಲ್ಲ ತಾಗಿ ಕಂದಿದ್ದವು. ಅಕ್ಕಾರು ಅರ್ಧ ತಾಸು ಮಾತಾಡಿದರು. ನಾನು "ಹೌದ್ರಿ, ಹೌದ್ರಿ" ಎನ್ನುತ್ತ ಸ್ಕ್ಯಾನರಿನ ಗಾಜು ಒರೆಸುತ್ತಿದ್ದೆ. ಆ ಅರ್ಧ ತಾಸಿನಲ್ಲಿ ಅವರು ಹೇಳಿದ್ದರಲ್ಲಿ ನನ್ನ ಕಿವಿಗೆ ಬಿದ್ದದ್ದು ಒಂದೇ, ಕೆಲಸ ಮುಗಿದ ಮೇಲೆ ಪುಸ್ತಕ ವಾಪಸು ಬೇಕು ಎಂಬುದು. ಮಹಾದೇವಿ ಬಾಗಿಲಿಗೆ ಒರಗಿ ನಿಂತು ಪೂರಾ ಕೇಳಿಸಿಕೊಂಡಳು. ಪುಟಗಳಿಗೆ ಗುರುತು ಹಾಕಿ ಪಟ್ಟಿ ಮಾಡಲೆಂದು ಪುಸ್ತಕ ಮೂರು ದಿನ ಅವಳ ಹತ್ತಿರವೇ ಇತ್ತು.

ಇಷ್ಟರಲ್ಲಿ ದೊಡ್ಡ ಊರಿನಿಂದ ಪರಿಶೀಲನೆಗೆ ಬರುವವರಿದ್ದಾರೆಂದು ಸುದ್ದಿ ಬಂತು. ಸೋಮವಾರ ಬರುತ್ತಾರೆ, ಮೆಚ್ಚಿದರೆ ಡಿಪ್ಲೊಮಾ ಉಳಿಯುತ್ತದೆ, ನನ್ನ ಕೆಲಸವೂ ಗಟ್ಟಿಯಾಗುತ್ತದೆ. ಶನಿವಾರ ಬೆಳಿಗ್ಗೆ ಮುಖ್ಯಸ್ಥರು ಕರೆದು, "ಏನರ ಒಂದು ಛಲೋದು ತೋರಸ್ರಿ. ನೋಡಿದ್ರ ಕಣ್ಣು ತುಂಬಬೇಕು" ಎಂದರು. ನನಗೆ ಅಕ್ಕಾರ ಪುಸ್ತಕ ನೆನಪಾಯಿತು. ಆ ಮುತ್ತಿನಂಥ ಅಕ್ಷರ ಬಿಳಿ ಹಾಳೆಯ ಮೇಲೆ ಹೇಗೆ ಕಾಣಬಹುದು ಎಂದು ಯೋಚಿಸಿಯೇ ಕೈ ತುರಿಸಿತು.

ಕೊಳೆಯಾದ ಹಾಳೆಯನ್ನು ನೀರು ಮುಟ್ಟಿಸದೆ ಸ್ವಚ್ಛ ಮಾಡಲು ನಮ್ಮಲ್ಲಿ ಒಂದು ರೂಢಿಯಿದೆ. ಬಿಳಿ ರಬ್ಬರನ್ನು ಕೊಬ್ಬರಿ ತುರಿಯುವ ತಗಡಿನ ಮೇಲೆ ತುರಿದು ಪುಡಿ ಮಾಡಬೇಕು. ಆ ಪುಡಿಯನ್ನು ಹಾಳೆಯ ಮೇಲೆ ಉದುರಿಸಿ, ಅರಳೆಯ ಉಂಡೆಯಿಂದ ಸುತ್ತಾಗಿ ಮೆಲ್ಲಗೆ ಉಜ್ಜಬೇಕು. ಪುಡಿ ಕೊಳೆ ಹೀರಿ ಕಪ್ಪಾಗುತ್ತದೆ, ಕುಂಚದಿಂದ ಗುಡಿಸಿ ತೆಗೆಯಬೇಕು. ಶಾಯಿಗೆ ಏನೂ ಆಗುವುದಿಲ್ಲ. ಪೆನ್ಸಿಲ್ ಇದ್ದರೆ ಏನಾಗುತ್ತದೆಂದು ಒಂದನೇ ಇಯತ್ತೆಯ ಮಗುವಿಗೂ ಗೊತ್ತು.

ಶನಿವಾರ ಅರ್ಧ ದಿನ. ಉಳಿದ ಹತ್ತು ಮಂದಿ ಊರುಗಳಿಗೆ ಹೋಗಿದ್ದರು. ಕೋಣೆಯಲ್ಲಿ ಇದ್ದದ್ದು ನಾನು ಮತ್ತು ಮಹಾದೇವಿ. ನಾನು ಆರು ರಬ್ಬರು ತುರಿದು ಬಟ್ಟಲು ತುಂಬಿಸಿಕೊಂಡು ಕೂತೆ.

"ಸರ್, ಮೊದಲು ಚಿತ್ರ ತಗೋಬೇಕಲ್ರಿ" ಎಂದಳು.

"ಟೈಮಿಲ್ಲ. ಒಂದೊಂದು ಹಾಳಿಗೆ ಎರಡೆರಡು ಸಲ ಸ್ಕ್ಯಾನ್ ಮಾಡ್ಕೋತ ಕುಂತ್ರ ಸೋಮವಾರ ಮುಗಿಯೂದಿಲ್ಲ. ಯಂತ್ರದಾಗ ಜಾಗಾನೂ ಇಲ್ಲ."

"ಅಂಚಿನ್ಯಾಗ ಪೆನ್ಸಿಲ್ ಐತ್ರಿ."

"ಯಾವುದೋ ಹುಡುಗ್ರು ಗೀಚ್ಯಾರ. ಅಕ್ಷರ ನೋಡು, ಕಾಗಿ ಕಾಲು."

"ಹುಡುಗ್ರು ಬರದದ್ದಲ್ರಿ. ಅಕ್ಕಾರ ಅವ್ವ ಬರದದ್ದು. ನಿಮ್ಮ ಮುಂದನ ಹೇಳಿದ್ರಲ್ರಿ ಅವರು. ಒಂದ ಪುಟ ಓದಿ ನೋಡ್ರಿ ಸರ್, ಆಮ್ಯಾಲ ಹೇಳ್ರಿ."

ನೋಡಿ, ಇಲ್ಲಿಗೆ ಬಂದಾಗಲೆಲ್ಲ ನನ್ನ ಮನಸ್ಸು ಒಂದು ಸಣ್ಣ ದಾರಿ ಹುಡುಕುತ್ತದೆ. ನನಗೆ ಗೊತ್ತಿರಲಿಲ್ಲ, ಅವಸರವಿತ್ತು, ಮೇಲಿನವರ ಒತ್ತಡವಿತ್ತು ಎಂದೆಲ್ಲ. ಗೊತ್ತಿತ್ತು. ಅವಳು ಆಗಷ್ಟೇ ಹೇಳಿದ್ದಳು. ಹಾಳೆ ನನ್ನ ಮುಂದೆ ತೆರೆದೇ ಇತ್ತು, ಕಣ್ಣು ಕೆಳಗಿಳಿಸಿದ್ದರೆ ಸಾಕಿತ್ತು. "ನಾವು ಓದಾಕ ಬಂದಿಲ್ಲ ಮಹಾದೇವಿ, ಸ್ಕ್ಯಾನ್ ಮಾಡಾಕ ಬಂದೀವಿ" ಎಂದೆ. ಅರಳೆಯನ್ನು ಅವಳ ಕೈಗೆ ಕೊಡಲು ಹೋದೆ. ಅವಳು ಕೈ ಹಿಂದೆ ಕಟ್ಟಿಕೊಂಡಳು. "ನನ್ನ ಕಡಿಂದ ಆಗೂದಿಲ್ರಿ" ಎಂದಳು. ಅಷ್ಟೇ. ಧ್ವನಿ ಏರಿಸಲಿಲ್ಲ.

ನಾನೇ ಉಜ್ಜಿದೆ. ಸಿಟ್ಟಿನಿಂದ ಶುರು ಮಾಡಿದ್ದು ಸ್ವಲ್ಪ ಹೊತ್ತಿಗೆ ಹಿಗ್ಗಾಯಿತು. ಕಂದು ಹಾಳೆ ಕೈಕೆಳಗೆ ಬೆಳ್ಳಗಾಗುವುದನ್ನು ನೋಡುವುದೇ ಒಂದು ಸುಖ, ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಚ್ಚಿದವರಿಗೆ ಅದು ಗೊತ್ತಿರುತ್ತದೆ. ಶನಿವಾರ ಸಂಜೆಯತನಕ, ಮತ್ತೆ ಆದಿತ್ಯವಾರ ಮಧ್ಯಾಹ್ನದತನಕ ಉಜ್ಜಿದೆ. ಮಹಾದೇವಿ ಆದಿತ್ಯವಾರವೂ ಬಂದಳು, ನಾನು ಹೇಳಿದ್ದಕ್ಕೆ. ಸ್ವಚ್ಛವಾದ ಹಾಳೆಗಳನ್ನು ಒಂದೊಂದಾಗಿ ಗಾಜಿನ ಮೇಲಿಟ್ಟು ಸ್ಕ್ಯಾನ್ ಮಾಡಿದಳು. ಅವತ್ತು ಮಾತ್ರ ಯಾವ ಹಾಳೆಯನ್ನೂ ಓದಲಿಲ್ಲ.

ಸೋಮವಾರ ಬಂದವರು ಪರದೆಯ ಮುಂದೆ ಕೂತು ತಲೆದೂಗಿದರು. ಅವರಲ್ಲೊಬ್ಬರು ನನ್ನ ಬೆನ್ನು ತಟ್ಟಿ, ಇಷ್ಟು ಸ್ವಚ್ಛವಾದ ಕೆಲಸ ಎಲ್ಲೂ ನೋಡಿಲ್ಲ ಎಂದರು. ಮುಖ್ಯಸ್ಥರು ಪೇಢೆ ತರಿಸಿದರು. ನಾನು ನಾಲ್ಕು ತಿಂದೆ.

ಬುಧವಾರ ಅಕ್ಕಾರು ಪುಸ್ತಕ ಒಯ್ಯಲು ಬಂದರು. ಕನ್ನಡಕ ಹಾಕಿಕೊಂಡು ಮೊದಲ ಪುಟ ತೆರೆದರು, ಸುಮ್ಮನೆ ನೋಡಿದರು. ಎರಡನೆಯದು, ಮೂರನೆಯದು. ಆಮೇಲೆ ಲಗುಬಗೆಯಿಂದ ನಡುವೆ ಎಲ್ಲೋ ತೆರೆದರು, ಕೊನೆಗೆ ತೆರೆದರು. ಪುಸ್ತಕ ಬದಲಾಗಿದೆಯೇನೋ ಎಂದು ರಟ್ಟನ್ನು ತಿರುಗಿಸಿ ನೋಡಿದರು. ಕಿಟಕಿಯ ಹತ್ತಿರ ಒಯ್ದು ಬೆಳಕಿಗೆ ಹಿಡಿದರು.

"ಇದರಾಗ ನಮ್ಮವ್ವ ಇದ್ಲಲ್ರಿ" ಎಂದರು.

ಅವರೇ ಹೇಳಿದರು, ಮಕ್ಕಳಿಗೆ ಪಾಠ ಹೇಳುವಷ್ಟು ಸಾವಕಾಶವಾಗಿ. "ಅಪ್ಪ ಆಕಿಗೆ ಓದು ಬರಹ ಕಲಿಸಿದ್ದ. ಆದ್ರ ದೌತಿ ಮುಟ್ಟಾಕ ಬಿಡ್ತಿರಲಿಲ್ಲ, ಶಾಯಿ ಚೆಲ್ಲತೀ ಅಂತಿದ್ದ. ಅದಕ್ಕ ನನ್ನ ಸಾಲಿ ಪೆನ್ಸಿಲ್‌ಲೆ ಬರೀತಿದ್ಲು. ಆಕಿ ಬರದದ್ದು ಈ ಜಗತ್ತಿನ್ಯಾಗ ಅಷ್ಟ ಇತ್ರಿ. ಒಂದು ಕಾಗದ ಇಲ್ಲ, ಒಂದು ಸಹಿ ಇಲ್ಲ. ಫೋಟೊನೂ ಇಲ್ಲ." ಅಳಲಿಲ್ಲ. ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಬರಿಯ ಅಂಚಿನ ಮೇಲೆ ಬೆರಳಾಡಿಸುತ್ತ ಕೂತರು.

ಮಾತು ಮುಖ್ಯಸ್ಥರ ಕೋಣೆಗೆ ಹೋಯಿತು. ಅಕ್ಕಾರು ಕುರ್ಚಿಯಲ್ಲಿ, ನಾನು ಪಕ್ಕದಲ್ಲಿ ನಿಂತು. "ಏನಾಯ್ತ್ರಿ ಇದು?" ಎಂದು ಅವರು ಕೇಳಿದರು. ನಾನು ಹೇಳಿದೆ, "ಸರ್, ಪುಸ್ತಕ ಮಹಾದೇವಿ ಕೈಯಾಗ ಕೊಟ್ಟಿದ್ದೆ." ಇದರಲ್ಲಿ ಸುಳ್ಳು ಎಲ್ಲಿದೆ ಹೇಳಿ. ಪಟ್ಟಿ ಮಾಡಲು ಕೊಟ್ಟದ್ದು ನಿಜ, ಸ್ಕ್ಯಾನ್ ಮಾಡಿದ್ದು ಅವಳೇ ಎಂಬುದೂ ನಿಜ. ಉಳಿದದ್ದನ್ನು ಮುಖ್ಯಸ್ಥರು ತಾವೇ ಪೂರ್ತಿ ಮಾಡಿಕೊಂಡರು, ನಾನು ತಡೆಯಲಿಲ್ಲ. ಅವಳನ್ನು ಕರೆಸಿದರು. "ನೀನ ಏನು ಇದನ್ನ ಒರಸಿದ್ದು?" ಎಂದರು. ಅವಳು ನನ್ನ ಕಡೆ ನೋಡಿ, "ಸರ್‌ನ ಕೇಳ್ರಿ" ಎಂದಳು. ಮೂವರೂ ನನ್ನತ್ತ ತಿರುಗಿದರು.

ಆಗ ನನ್ನ ಬಾಯಿಂದ ಬಂದ ಮಾತನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ. "ಹೋಗ್ಲಿ ಬಿಡ್ರಿ ಸರ್, ಸಣ್ಣವಳು. ಕಲಿಯಾಕ ಬಂದಾಳ, ತಪ್ಪು ಆಗ್ತಾವ. ನಾನ ಕ್ಷಮಾ ಕೇಳ್ತೇನಿ ಅಕ್ಕಾರ ಹತ್ರ" ಎಂದೆ. ಮಾಡದ ತಪ್ಪಿಗೆ ಅವಳನ್ನು ಕ್ಷಮಿಸಿದೆ. ಮುಖ್ಯಸ್ಥರ ಕಣ್ಣಲ್ಲಿ ನಾನು ಉದಾರ ಮನಸ್ಸಿನ ಗುರುವಾಗಿ ಹೊರಬಿದ್ದೆ. ಮಹಾದೇವಿ ನನ್ನನ್ನು ಬಹಳ ಹೊತ್ತು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಹಾಳೆಯನ್ನು ಮೀಟಿ ಇದು ಯಾವ ಕಾಗದ ಎಂದು ತಿಳಿದುಕೊಂಡಾಗ ಇರುತ್ತಿದ್ದ ನೋಟವೇ ಇತ್ತು. ಮರುದಿನದಿಂದ ಅವಳು ಬೆಳಗಿನ ಬಸ್ಸಿನಲ್ಲಿ ಕಾಣಲಿಲ್ಲ. ಡಿಪ್ಲೊಮಾ ಅರ್ಧಕ್ಕೇ ಬಿಟ್ಟಳು, ತಪ್ಪು ಅವಳದೇ ಎಂದು ಉಳಿದ ಹತ್ತು ಮಂದಿಯೂ ನಂಬಿದರು.

ನನ್ನ ಕೆಲಸ ಗಟ್ಟಿಯಾಯಿತು. ಧಾರವಾಡದಲ್ಲೇ ಮನೆ ಮಾಡಿದೆ. ಪ್ರತಿ ವರ್ಷ ಹೊಸ ಹುಡುಗರು, ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ಅದೇ ಸಾಲು, ಅದೇ ನೂರು ಸಲ. ನಿಯಮದ ಮಹತ್ವ ತಿಳಿಸಲು ಒಂದು ಉದಾಹರಣೆಯನ್ನೂ ಕೊಡುತ್ತಿದ್ದೆ, ನಾಚಿಕೆಯಿಲ್ಲದೆ: ಹಿಂದೆ ಒಬ್ಬ ವಿದ್ಯಾರ್ಥಿನಿ ಹೀಗೆ ಅವಸರ ಮಾಡಿ ಪೆನ್ಸಿಲ್ ಬರಹ ಅಳಿಸಿದ್ದಳು ಎಂದು. ಹುಡುಗರು ಅಯ್ಯೋ ಎನ್ನುತ್ತಿದ್ದರು. ಹತ್ತು ವರ್ಷ ಹೇಳಿದ ಮೇಲೆ ಕಥೆ ಎಷ್ಟು ನಯವಾಗಿತ್ತೆಂದರೆ, ಅವಳು ಅರಳೆ ಹಿಡಿದು ಉಜ್ಜುತ್ತಿದ್ದದ್ದು ಕೆಲವೊಮ್ಮೆ ನನಗೇ ಕಣ್ಣಿಗೆ ಕಟ್ಟುತ್ತಿತ್ತು.

ನೀಲಮ್ಮಕ್ಕಾರು ಮಾಳಮಡ್ಡಿಯಲ್ಲಿ ಕಾಯಿಪಲ್ಲೆ ಕೊಳ್ಳುವಾಗ ಆಗಾಗ ಎದುರಾಗುತ್ತಿದ್ದರು. ನಗುತ್ತಿದ್ದರು, ಮನೆಗೆ ಕರೆದು ಚಹಾ ಕೊಟ್ಟದ್ದೂ ಇದೆ. ಒಮ್ಮೆ ಅವರು ಒಳಗೆ ಹೋದಾಗ ಪುಸ್ತಕ ತೆಗೆದು, ಅಂಚಿಗೆ ಓರೆಯಾಗಿ ಬೆಳಕು ಬೀಳುವಂತೆ ಹಿಡಿದು, ಪೆನ್ಸಿಲ್ ಒತ್ತಿದ ತಗ್ಗೇನಾದರೂ ಉಳಿದಿದೆಯೋ ನೋಡಿದೆ. ಆ ತಾಯಿ ಬಹಳ ಹಗುರ ಕೈಯವಳಿರಬೇಕು. ಯಾವುದೋ ಅಕ್ಷರದ ಒಂದು ಕೊಂಬಿನ ಗುರುತು ಬಿಟ್ಟರೆ ಏನೂ ಕಾಣಲಿಲ್ಲ. ಅಕ್ಕಾರು ಪ್ರತಿ ಸಲವೂ ಚಹಾದ ಕಪ್ಪು ಕೆಳಗಿಡುತ್ತ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಆ ಹುಡುಗಿ ಈಗ ಎಲ್ಲಿದ್ದಾಳ್ರಿ ಸರ್? ಏನರ ಗೊತ್ತೈತೇನು?" ನಾನು ಪ್ರತಿ ಸಲವೂ "ಗೊತ್ತಿಲ್ರಿ" ಎನ್ನುತ್ತಿದ್ದೆ. ಬೆಂಗೇರಿಯಲ್ಲಿ ಅವಳು ತಂದೆಯ ಬೈಂಡಿಂಗ್ ಅಂಗಡಿ ನಡೆಸುತ್ತಿದ್ದಾಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕೊನೆಕೊನೆಗೆ ಕಾಯಿಪಲ್ಲೆಗೆ ಬೇರೆ ದಾರಿ ಹಿಡಿದೆ. ಎರಡು ವರ್ಷದ ಹಿಂದೆ ಅಕ್ಕಾರು ತೀರಿಕೊಂಡರು.

ನನ್ನ ಆ ಸ್ವಚ್ಛವಾದ ಕೆಲಸ ಏನಾಯಿತೆಂದು ನೀವು ಕೇಳಬಹುದು. ಎರಡು ಸೀಡಿಗಳಲ್ಲಿ ತುಂಬಿ ಬೀರುವಿನಲ್ಲಿಟ್ಟಿದ್ದೆವು. ಹೋದ ವರ್ಷ ಡಿಪ್ಲೊಮಾ ಮುಚ್ಚಿದಾಗ ತೆಗೆದು ನೋಡಿದೆ, ಬೆಳ್ಳಿಯಂಥ ಹೊದಿಕೆ ಮೀನಿನ ಹುರುಪೆಯಂತೆ ಕಿತ್ತು ಬರುತ್ತಿತ್ತು. ಯಾವ ಯಂತ್ರವೂ ಅದನ್ನು ಓದಲಿಲ್ಲ.

ಕಳೆದ ತಿಂಗಳು ಆ ಸ್ಟೇಷನರಿ ಅಂಗಡಿಯ ಮುಂದಿನಿಂದ ಹೊರಟವನು ಮನೆಗೆ ಹೋಗಲಿಲ್ಲ, ಹುಬ್ಬಳ್ಳಿಯ ಬಸ್ಸು ಹತ್ತಿದೆ. ಬೆಂಗೇರಿಯ ಆ ಅಂಗಡಿ ಸಣ್ಣದು, ನಾಲ್ಕು ಮಂದಿ ನಿಂತರೆ ತುಂಬುತ್ತದೆ. ಮಹಾದೇವಿ ನೆಲದ ಮೇಲೆ ಕೂತು ಪುಸ್ತಕ ಹೊಲಿಯುತ್ತಿದ್ದಳು. ಕೂದಲಲ್ಲಿ ಅಲ್ಲಲ್ಲಿ ಬಿಳಿ. ಗುರುತು ಹಿಡಿದಳು, "ಬರ್ರಿ ಸರ್" ಎಂದಳು, ಸ್ಟೂಲು ತೋರಿಸಿದಳು. ನಾನು ಕೂರಲಿಲ್ಲ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಹಾರಿಹೋಗಿ ಇಷ್ಟೇ ಉಳಿದಿತ್ತು. "ಮಹಾದೇವಿ, ಅವತ್ತು ನಾ ಮಾಡಿದ್ದು ಮೋಸ. ನಾ ಉಜ್ಜಿ ನಿನ್ನ ಮ್ಯಾಲ ಹಾಕಿದೆ."

ಅವಳು ದಾರ ಎಳೆದು ಗಂಟು ಹಾಕಿದಳು. "ಅದು ನನಗ ಗೊತ್ತ ಐತಲ್ರಿ ಸರ್. ನನ್ನ ಮುಂದ ಯಾಕ ಹೇಳಾಕತ್ತೀರಿ?"

"ಅಕ್ಕಾರ ಮುಂದ ಹೇಳಬೇಕಿತ್ತು. ಅವರು ಹೋಗಿಬಿಟ್ರು."

"ಅವರಿಗೂ ಗೊತ್ತಿತ್ರಿ. ಅದ ವಾರ ನಾ ಅವರ ಮನಿಗೆ ಹೋಗಿ ಎಲ್ಲಾ ಹೇಳೇನಿ."

ನಾನು ಸ್ಟೂಲಿನ ಮೇಲೆ ಕೂತೆ. ಹತ್ತು ವರ್ಷದ ಚಹಾ ಕಪ್ಪುಗಳೆಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ಎಲ್ಲ ಗೊತ್ತಿದ್ದೇ ಅವರು ನಗುತ್ತಿದ್ದರು, ಗೊತ್ತಿದ್ದೇ ಕೇಳುತ್ತಿದ್ದರು. ಇವನು ಇವತ್ತಾದರೂ ಹೇಳಬಹುದು ಎಂದು ಕಪ್ಪು ಕೆಳಗಿಟ್ಟು ಕಾಯುತ್ತಿದ್ದರು. ನನಗೆ ನಾಚಿಕೆಯಾಯಿತು ಎಂದರೆ ಅದು ಸಣ್ಣ ಮಾತು. ಅಲ್ಲಿಂದ ಎದ್ದು ಓಡಿಹೋಗಬೇಕೆನಿಸಿತು.

ಮಹಾದೇವಿ ಒಳಗೆ ಹೋಗಿ ಪುಸ್ತಕ ತಂದಳು. ಅಕ್ಕಾರು ಸಾಯುವ ಮೊದಲು ಅವಳಿಗೇ ಕೊಟ್ಟಿದ್ದರಂತೆ. ಪುಸ್ತಕ ಕೈಗೆ ಬಂದ ಮೇಲೆ ಪುಟಗಳ ನಡುವೆ ಅಲ್ಲಲ್ಲಿ ತೆಳ್ಳನೆಯ ಕಾಗದದ ಚೀಟಿ ಸೇರಿಸಿ ಹೊಲಿದಿದ್ದಳು. ಆ ಮೂರು ದಿನ ಓದಿದ್ದರಲ್ಲಿ ನೆನಪಿದ್ದಷ್ಟನ್ನು ಅಕ್ಕಾರ ಮನೆಯಲ್ಲಿ ಕೂತು ಬರೆದ ಚೀಟಿಗಳು. ಗಟ್ಟಿ ನೆನಪಿದ್ದವು ಇಪ್ಪತ್ತಮೂರು. ಅನುಮಾನ ಇದ್ದ ಕಡೆ ಸಣ್ಣ ಚುಕ್ಕೆ ಇಟ್ಟಿದ್ದಳು. ನನ್ನ ಕೈಯಾರೆ ಅಳಿಸಿದ್ದನ್ನು ನಾನು ಮೊದಲ ಸಲ ಓದಿದೆ. ಹೊಟ್ಟೆಯುಬ್ಬರದ ಔಷಧಿಯ ಪಕ್ಕದಲ್ಲಿ: "ಇದು ಸುಳ್ಳು. ನಮ್ಮ ಆಕಳ ಗೌರಿ ಇದನ್ನ ಕುಡದ ಸತ್ತಳು." ಇನ್ನೊಂದು ಕಡೆ: "ಅರ್ಧ ಸಾಕು. ಇಷ್ಟು ಹಾಕಿದರ ಕರ ಹಾಲು ಬಿಡತದ." ಕೆಚ್ಚಲು ಬೇನೆಯ ಪುಟದಲ್ಲಿ: "ಇದು ನಾ ಹೇಳಿದ್ದು. ಅವರು ತಮ್ಮದಂತ ಬರಕೊಂಡಾರ." ಕೊನೆಯ ಪುಟದಲ್ಲಿ ಬರಿ ತನ್ನ ಹೆಸರು, ಮೂರು ಸಲ, ಕೈ ಪಳಗಿಸಿಕೊಳ್ಳಲು ಬರೆದಂತೆ. ಬಸಲಿಂಗವ್ವ, ಬಸಲಿಂಗವ್ವ, ಬಸಲಿಂಗವ್ವ.

ಪುಸ್ತಕ ಮುಚ್ಚಿ ಕೇಳಿದೆ, "ಇದನ್ನ ಸ್ಕ್ಯಾನ್ ಮಾಡಿಕೊಡ್ಲ್ಯಾ?"

"ಬ್ಯಾಡ್ರಿ" ಎಂದು ಪುಸ್ತಕ ಇಸಿದುಕೊಂಡಳು.

"ಮತ್ತ ನಾ ಏನು ಮಾಡ್ಲಿ?"

ಅವಳು ಮತ್ತೆ ಸೂಜಿ ಹಿಡಿದಳು. "ನನ್ನ ಜೋಡಿ ಕಲತವರು ಹತ್ತ ಮಂದಿ ಅದಾರ್ರಿ. ಎಲ್ಲಾರೂ ಒಂದೊಂದು ಲೈಬ್ರರಿ ಹಿಡದು ಕುಂತಾರ. ನನಗ ಮಾತ್ರ ಯಾರೂ ಒಂದು ಹಳೇ ಪುಸ್ತಕ ಕೊಡೂದಿಲ್ಲ, ಬರೇ ಪರೀಕ್ಷಾ ಗೈಡು ಹೊಲಿಯಾಕ ಕೊಡ್ತಾರ. ಹ್ವಾದ ವರ್ಷ ಒಂದ ಮದುವಿಯೊಳಗ ಅವರಾಗ ಒಬ್ಬಾಕಿ ಸಿಕ್ಕಿದ್ಲು. ತನ್ನ ಗಂಡಗ ನನ್ನ ತೋರಿಸಿ, ನಾ ಹೇಳತಿರ್ತೇನಲ್ಲ ರಬ್ಬರ್ ಮಹಾದೇವಿ, ಇಕಿನ ನೋಡ್ರಿ ಅಂದ್ಲು. ಗೊತ್ತಿದ್ದವರಿಗೆ ಹೇಳಿ ಏನ್ ಮಾಡ್ತೀರಿ ಸರ್? ಗೊತ್ತಿಲ್ಲದವರಿಗೆ ಹೇಳ್ರಿ."

ನಾನು ಎದ್ದಾಗ "ಹೋಗಿ ಬರ್ರಿ" ಎಂದಳು, ತಲೆಯೆತ್ತಲಿಲ್ಲ.

ಈ ಒಂದು ತಿಂಗಳಲ್ಲಿ ಆರು ಮಂದಿಯ ವಿಳಾಸ ಸಿಕ್ಕಿದೆ, ಕಾಗದ ಬರೆದಿದ್ದೇನೆ. ಮುಖ್ಯಸ್ಥರು ನಿವೃತ್ತರಾಗಿ ಮಗಳ ಊರಲ್ಲಿದ್ದಾರೆ, ಅವರಿಗೂ ಬರೆದೆ. ಇನ್ನೂ ನಾಲ್ಕು ಮಂದಿ ಎಲ್ಲಿದ್ದಾರೋ ತಿಳಿದಿಲ್ಲ. ಆಮೇಲೆ ನಾನು ಹತ್ತು ವರ್ಷ ತಪ್ಪು ಕಥೆ ಹೇಳಿ ಕಳಿಸಿದ ಹುಡುಗರಿದ್ದಾರೆ, ಅವರ ಲೆಕ್ಕ ನನ್ನ ಹತ್ತಿರ ಇಲ್ಲ. ಅದಕ್ಕೇ ಇದನ್ನು ಬರೆಯುತ್ತ ಕೂತೆ. ನೀವು ಇದನ್ನು ಯಾವುದಾದರೂ ಗ್ರಂಥಾಲಯದಲ್ಲಿ ಕೂತು ಓದುತ್ತಿದ್ದರೆ, ಒಂದು ಉಪಕಾರ ಮಾಡಿ. ಎದ್ದು ಹೋಗಿ ಅಲ್ಲಿ ಮೇಜಿನ ಹಿಂದೆ ಕೂತವರಿಗೆ ಈ ಪುಟ ತೋರಿಸಿ. ಮಹಾದೇವಿ ಆ ಪುಸ್ತಕಕ್ಕೆ ರಬ್ಬರು ಮುಟ್ಟಿಸಲಿಲ್ಲ. ಬೇಡ ಎಂದಿದ್ದಳು. ಎಪ್ಪತ್ತೆರಡು ಪುಟಗಳನ್ನೂ ಉಜ್ಜಿದವನು ನಾನು.